ಬಾಣಂತಿ ಹೊಂಡ

ಈ ಕಡೆಯ ಜನ ಮೀನು ತಿನ್ನುವವರಲ್ಲ ಎಂದು ಶಹಾಪುರದ ಸಭೆಯಲ್ಲಿ ಒಬ್ಬರು ಹೇಳಿದರು. ಮುಂದಿನ ದಿನಗಳಲ್ಲಿ ಈ ಭಾಗದ ಜನರ ತಟ್ಟೆ ತುಂಬಲು ಮೀನು ಸಾಕಣೆ ಏನು ಮಾಡಬಹುದು ಎಂಬುದು ಅವತ್ತಿನ ವಿಷಯ. ಮಾತನಾಡಿದವರು ದೂರದಿಂದ ಬಂದಿದ್ದರು. ಒಳ್ಳೆಯವರೇ. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು, ಕೈ ಆಡಿಸಿ ವಿವರಿಸಿದರು. ಇಲ್ಲಿ ಕೃಷ್ಣೆಯ ನೀರಿದೆ, ಕಾಲುವೆ ಇದೆ, ನೀರು ನಿಂತು ಜವಳು ಹಿಡಿದು ಬಿದ್ದ ಜಮೀನು ಬೇಕಾದಷ್ಟಿದೆ, ಆದರೆ ಇದು ರೊಟ್ಟಿಯ ಸೀಮೆ, ಮೀನಿನ ರೂಢಿ ಇಲ್ಲ, ಆದ್ದರಿಂದ ಬೆಳೆದದ್ದನ್ನೆಲ್ಲ ಮಂಜುಗಡ್ಡೆಯಲ್ಲಿ ತುಂಬಿ ಹೈದರಾಬಾದಿಗೆ ಕಳಿಸುವುದೇ ಸರಿಯಾದ ದಾರಿ ಎಂದರು. ನಮ್ಮೂರ ಹೆಂಗಸರ ಸಂಘದ ಪರವಾಗಿ ನನ್ನನ್ನೂ ಕರೆಸಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, "ತಿಂತೀವ್ರಿ" ಎಂದೆ. ಅವರು ನಕ್ಕು, ಹಬ್ಬಕ್ಕೊಮ್ಮೆ ಇರಬಹುದು ಅಮ್ಮಾ ಎಂದರು. ಅಷ್ಟರಲ್ಲಿ ಚಹಾ ಬಂತು, ಎಲ್ಲರೂ ಎದ್ದರು. ನನ್ನ ಉತ್ತರ ಹೊಟ್ಟೆಯಲ್ಲೇ ಉಳಿಯಿತು.

ಮನೆಗೆ ಮರಳುವಾಗ ಬಸ್ಸು ಕಾಲುವೆಯ ಸೇತುವೆ ದಾಟಿತು. ಆ ವಾರವಷ್ಟೇ ನೀರು ಬಂದ್ ಮಾಡಿದ್ದರು. ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು: ಅರ್ಧ ಒಣಗಿದ ಕೆಸರು, ಕೊಳೆತ ಪಾಚಿ, ಬಿಸಿಲಿಗೆ ಕಾದ ಕಲ್ಲು, ಅದರೊಳಗೆಲ್ಲೋ ಮೀನು. ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ನಮ್ಮ ಮೀನಿನ ಹೊಂಡ ಉಳಿಯುತ್ತದೋ ಹೋಗುತ್ತದೋ ಎಂದು ನಾವು ಉಸಿರು ಹಿಡಿದು ಕಳೆದ ಆ ಒಂದು ವರ್ಷ ಪೂರ್ತಿ ಆ ವಾಸನೆಯಲ್ಲಿತ್ತು. ಚಹಾದ ಗದ್ದಲದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಹೇಳುತ್ತೇನೆ. ಇಲ್ಲಿ ಯಾರೂ ನಡುವೆ ಚಹಾ ತರುವುದಿಲ್ಲ.

ನಮ್ಮ ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುತ್ತದೆ. ಕಾಲುವೆಯ ಬಾಲದ ತುದಿ ಅದು. ಆಗ ಕಾಲುವೆ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ನಾನು ಊರಿನ ಅಂಗನವಾಡಿಯಲ್ಲಿ ಕೆಲಸಕ್ಕಿದ್ದೆ. ಗಂಡ ಶಹಾಪುರದ ಹತ್ತಿ ಮಿಲ್ಲಿನಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ನಾನು, ನನ್ನ ಮೊದಲ ಮಗ, ಮತ್ತು ಅತ್ತೆ ಮಲ್ಲಮ್ಮ. ಅವಳು ನನ್ನ ಅಪ್ಪನ ಒಡಹುಟ್ಟಿದ ತಂಗಿಯೂ ಹೌದು. ತಾಯಿ ಇಲ್ಲದ ನನ್ನನ್ನು ಸೊಸೆಯಾಗಿ ತಂದುಕೊಂಡು, ಬೈಯುವುದರಲ್ಲಿ ಮಾತ್ರ ಮಗಳೆಂದೇ ತಿಳಿದಿದ್ದಳು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಬುದ್ಧನ ಫೋಟೊ, ಅವೆರಡರ ಕೆಳಗೆ ಕೂತು ಎಲೆ ಅಡಿಕೆ ಹಾಕುತ್ತ ಊರಿನ ನ್ಯಾಯವನ್ನೆಲ್ಲ ಅವಳು ತೀರ್ಮಾನ ಮಾಡುತ್ತಿದ್ದಳು. ಅವಳ ತೀರ್ಮಾನ ಕೇಳುವವರು ಮನೆಯೊಳಗೆ ನಾನೊಬ್ಬಳೇ ಇದ್ದೆ ಎನ್ನುವುದು ಬೇರೆ ಮಾತು.

ಕಾಲುವೆ ಊರನ್ನು ಹಸಿರು ಮಾಡಿತ್ತು, ಸುಳ್ಳು ಹೇಳಬಾರದು. ಆದರೆ ಜೋಳ, ತೊಗರಿ, ಹೆಸರು ಬೆಳೆಯುತ್ತಿದ್ದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಹಿಂದೆ ಬಡವರ ಮನೆಯಲ್ಲೂ ರೊಟ್ಟಿಯ ಜೊತೆ ಒಂದಿಷ್ಟು ಬೇಳೆ, ಒಂದಿಷ್ಟು ಪುಂಡಿಪಲ್ಯ ಇರುತ್ತಿತ್ತು. ಈಗ ತಟ್ಟೆಯ ತುಂಬ ಅನ್ನ, ಅದರ ಮೇಲೆ ಖಾರದ ನೀರು. ಬೇಳೆ ಅಂಗಡಿಯ ಡಬ್ಬಿ ಸೇರಿತು. ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ಕೆಲಸ ನನ್ನದು. ಹೊಟ್ಟೆ ತುಂಬಿದ ಮಕ್ಕಳ ತೂಕ ಮಾತ್ರ ಏರುತ್ತಿರಲಿಲ್ಲ. ನೀರು ಬಂದ ಊರಿನಲ್ಲಿ ಮಕ್ಕಳು ಯಾಕೆ ಸೊರಗುತ್ತಾರೆ ಎಂದು ಮೇಲಿನವರು ಕೇಳಿದರೆ, ನೀರು ಬಂದದ್ದಕ್ಕೇ ಎಂದು ಹೇಳುವ ಧೈರ್ಯ ನನಗೆ ಆಗ ಇರಲಿಲ್ಲ. ಅತ್ತೆಗೆ ಇತ್ತು, ಆದರೆ ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ನಮಗಿದ್ದದ್ದು ತಗ್ಗಿನ ಒಂದು ತುಂಡು ಹೊಲ. ಮೇಲಿನ ಗದ್ದೆಗಳ ಬಸಿನೀರೆಲ್ಲ ಇಳಿದು ಬಂದು ಅದರಲ್ಲಿ ನಿಂತು, ಹೊಲ ಜವಳು ಹಿಡಿದಿತ್ತು. ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವ ಕೆಸರು, ಆಳೆತ್ತರದ ಆಪು ಹುಲ್ಲು, ಕಪ್ಪೆಗಳು. ಜವಳು ಜಮೀನಿನಲ್ಲಿ ಮೀನಿನ ಹೊಂಡ ತೋಡಿಸಿಕೊಡುವ ಯೋಜನೆಯೊಂದು ಬಂದಿದೆ ಎಂದು ಗೊತ್ತಾದ ದಿನವೇ ಅತ್ತೆ ಹೆಬ್ಬೆಟ್ಟು ಒತ್ತಿ ಬಂದಳು. ಆ ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಹೊಂಡ ತೋಡಿದರು. ನೀರು ಬಿಡುವುದೇ ಬೇಕಾಗಲಿಲ್ಲ, ಸುತ್ತಲಿನ ನೆಲದಿಂದ ಒಸರಿ ತಾನೇ ತುಂಬಿಕೊಂಡಿತು. ಆಪು ಬಿಟ್ಟು ಬೇರೇನೂ ಕೊಡದ ಆ ನೆಲ ಅಷ್ಟು ಬೇಗ ನೀರು ಕೊಟ್ಟದ್ದನ್ನು ನೋಡಿ ಅತ್ತೆ ಒಡ್ಡಿನ ಮೇಲೆ ಕೂತು ಹೊಟ್ಟೆ ತುಂಬ ನಕ್ಕಳು.

ಮೇಲಿನ ಗದ್ದೆಯವರಿಗೆ ನಗು ಬರಲಿಲ್ಲ. ಅವರ ಗದ್ದೆಗಳಲ್ಲೂ ನೀರು ನಿಂತು ಬೇರು ಕೊಳೆಯಲು ಶುರುವಾಗಿತ್ತು. ನಮ್ಮ ಹೊಲದ ನಡುವೆ ಹಾಯುವಂತೆ ಒಂದು ಬಸಿಗಾಲುವೆ ಕಡಿದರೆ ನೀರು ಸಲೀಸಾಗಿ ಹಳ್ಳ ಸೇರುತ್ತದೆ ಎಂಬುದು ಅವರ ಲೆಕ್ಕ. ಸುತ್ತು ಹಾಕಿ ಕಡಿಯಬಹುದಿತ್ತು, ಆದರೆ ಆ ಬದಿಯದು ಗಟ್ಟಿ ಗರಸು, ಗುದ್ದಲಿ ಬಡಿದರೆ ಕಿಡಿ ಹಾರುವ ನೆಲ. ಅವರಲ್ಲಿ ಹಿರಿಯರಾದ ಹಣಮಂತರಾಯರು ಅತ್ತೆಯನ್ನು ಕಟ್ಟೆಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ; ಊರಿನಲ್ಲಿ ತಮ್ಮ ಮಾತೇ ಕೊನೆಯದಾಗಿ ರೂಢಿಯಾಗಿದ್ದವರು, ಅಷ್ಟೆ. ಬಸಿನೀರು ಹೊಂಡದೊಳಗೆ ಹಾದರೆ ಗದ್ದೆಗೆ ಹೊಡೆದ ಔಷಧಿಯೂ ಅದರ ಜೊತೆ ಬರುತ್ತದೆ, ಅಲ್ಲಿಗೆ ಹೊಂಡದ ಕಥೆ ಮುಗಿಯಿತು ಎಂದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅತ್ತೆ ಕಟ್ಟೆಯ ಕೆಳಗೆ ನಿಂತೇ ಮಾತಾಡಿದಳು. ಮೇಲೆ ಕೂರಿ ಎಂದು ಯಾರೂ ಅನ್ನಲಿಲ್ಲ.

"ಒಂದ್ ವರ್ಷ ಕೊಡ್ರಿ ನನಗ. ಬರೋ ಬ್ಯಾಸಗ್ಯಾಗ ಕಾಲುವಿ ಬಂದ್ ಆದಾಗ ಬಂದು ನೋಡ್ರಿ. ಹೊಂಡದಾಗ ಮೀನ ಇಲ್ಲಂದ್ರ ನೀವ ಗುದ್ದಲಿ ಹಚ್ಚ್ರಿ, ಮಣ್ಣಿನ ಬುಟ್ಟಿ ನಾ ಹೊರತೀನಿ."

ಹಣಮಂತರಾಯರು ಮೀಸೆ ಸವರಿ, ಒಂದು ವರ್ಷ ಏನೂ ದೊಡ್ಡದಲ್ಲ, ಆದರೆ ಆಡಿದ ಮಾತು ಆಡಿದಂತೆಯೇ ಇರಬೇಕು ಎಂದರು. ಅತ್ತೆ ಆಗಲಿ ಎಂದು ಬಂದುಬಿಟ್ಟಳು. ಮನೆಗೆ ಬಂದ ಮೇಲೆ ನಾನು ಕೇಳಿದೆ, ಮೀನು ಬೆಳೆಯದಿದ್ದರೆ? ಬೆಳೆಯದೇ ಎಲ್ಲಿಗೆ ಹೋಗುತ್ತವೆ, ಅವಕ್ಕೇನು ಬಸ್ಸು ಸಿಗುತ್ತದೆಯೇ ಎಂದು ಅವಳು ನನ್ನನ್ನೇ ಗದರಿದಳು.

ಇಲ್ಲಿ ಒಂದು ರೂಢಿಯ ವಿಷಯ ಹೇಳಲೇಬೇಕು, ರೂಢಿ ಇಲ್ಲ ಎಂದ ಆ ಸಭೆಯವರಿಗಾಗಿಯೇ. ನಮ್ಮಲ್ಲಿ ಬಾಣಂತಿಗೆ ಕೊರಮೀನಿನ ಸಾರು ಕೊಡುತ್ತಾರೆ. ಕಪ್ಪಗೆ, ಉದ್ದಕ್ಕೆ, ಹಾವಿನ ತಲೆಯಂಥ ತಲೆ ಇರುವ ಮೀನು ಅದು. ನೀರು ಬತ್ತಿದರೆ ಕೆಸರಲ್ಲಿ ಹುದುಗಿ, ಗಾಳಿ ಕುಡಿದು ಬದುಕುವ ಗಟ್ಟಿ ಪ್ರಾಣಿ. ಅದನ್ನು ತಿಂದರೆ ಬಾಣಂತಿಯ ಸೊಂಟ ಗಟ್ಟಿಯಾಗುತ್ತದೆ, ಎದೆಹಾಲು ಇಳಿಯುತ್ತದೆ ಎನ್ನುತ್ತಾರೆ. ಬೇಕಾದ ದಿನ ಬೇಕಾದಂತೆ ಸಿಗುವ ಮೀನಲ್ಲ. ಹಾಗಾಗಿ ಮಗಳಿಗೆ ದಿನ ತುಂಬುವ ಮೊದಲೇ, ಕಾಲುವೆಯ ಗುಂಡಿಯಲ್ಲೋ ಹಳ್ಳದಲ್ಲೋ ಸಿಕ್ಕಾಗ ತಂದು, ಹಳೆಯ ಮಣ್ಣಿನ ಹರವಿಯಲ್ಲಿ ನೀರು ಹಾಕಿ ಜೀವಂತ ಇಟ್ಟುಕೊಳ್ಳುತ್ತಿದ್ದರು. ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಇಲ್ಲದಿದ್ದರೆ ಅದು ಜಿಗಿದು ಅಂಗಳಕ್ಕೆ ಬೀಳುತ್ತಿತ್ತು. ಬಸುರಿ ಇದ್ದ ಮನೆಯನ್ನು ಕಲ್ಲು ಹೇರಿದ ಹರವಿ ನೋಡಿಯೇ ಗುರುತಿಸಬಹುದಿತ್ತು.

ನಮ್ಮ ಹೊಂಡಕ್ಕೆ ನೀರು ಬಂದದ್ದೇ ತಡ, ಒಬ್ಬಳು ಕೊಡ ಹೊತ್ತು ಬಂದಳು. ಮನೆಯಲ್ಲಿ ಹರವಿ ಒಡೆದಿದೆ, ಇದನ್ನು ನಿಮ್ಮ ಹೊಂಡದಲ್ಲಿ ಬಿಟ್ಟಿರಲೇ ಎಂದಳು. ಬಿಡು, ಅದಕ್ಕೇನು ಎಂದಳು ಅತ್ತೆ. ಮಾರನೆಯ ದಿನ ಇನ್ನೊಬ್ಬಳು. ಕಾಲುವೆಯ ಗುಂಡಿಗಳು ಬತ್ತುತ್ತಿದ್ದ ದಿನಗಳು ಅವು, ಕೊರಮೀನು ಕೈಗೆ ಸಿಗುತ್ತಿದ್ದವು. ನಮ್ಮ ಓಣಿಯವರು, ಅಂಬಿಗರ ಓಣಿಯವರು, ಕುರಿ ಮಂದೆಯವರ ಹೆಂಗಸರು, ಎಲ್ಲರೂ ತಂದು ಬಿಟ್ಟರು. ಒಬ್ಬಳು, ನನ್ನದು ಯಾವುದು ಅಂತ ಆಮೇಲೆ ಹೇಗೆ ಗೊತ್ತಾಗಬೇಕು ಎಂದು ಕೇಳಿದಳು. ಅತ್ತೆ ನೀರಿನ ಕಡೆ ಕೈ ಮಾಡಿ ಹೇಳಿದಳು:

"ಯಾವದು ಅಂತ ಕೇಳಬ್ಯಾಡ. ನಿಂದೊಂದ ಅದ. ಬೇಕಾದಾಗ ಬಾ."

ಮಳೆ ಬಿದ್ದು, ಕಾಲುವೆಗೂ ನೀರು ಬಿಟ್ಟ ಮೇಲೆ ಮೀನುಗಾರಿಕೆ ಇಲಾಖೆಯ ಸಾಹೇಬರು ಮೀನುಮರಿ ತಂದರು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಟ್ಲಾ, ರೋಹು ಮರಿಗಳು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣವು. ಬಿಡುವ ಮೊದಲು ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: ಹೊಂಡದಲ್ಲಿ ಬೇರೆ ಮೀನು ಏನಾದರೂ ಇದೆಯೇ? ಅತ್ತೆ, "ಏನೂ ಇಲ್ಲ್ರೀ ಸಾಹೇಬ್ರ" ಎಂದಳು. ನನ್ನನ್ನೂ ಕೇಳಿದರು. ಇಲ್ಲ ಎಂದು ನಾನೂ ತಲೆಯಾಡಿಸಿದೆ. ಒಡ್ಡಿನ ಮೇಲೆ ನಿಂತಿದ್ದ ಹೆಂಗಸರೆಲ್ಲ ಇಲ್ಲ ಇಲ್ಲ ಎಂದರು. ನಮ್ಮಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹರವಿಯಲ್ಲಿ ಇಟ್ಟದ್ದನ್ನು ಮೀನು ಸಾಕಣೆ ಎಂದು ಯಾರು ಅಂದುಕೊಳ್ಳುತ್ತಾರೆ? ಅವು ಮೀನಲ್ಲ, ಬಾಣಂತಿಯರ ಪಾಲು. ನಮ್ಮ ತಲೆಯಲ್ಲಿ ಅವು ಬೇರೆಯದೇ ಗೂಡಿನಲ್ಲಿದ್ದವು.

ಕೊರಮೀನು ಬೇರೆ ಮೀನಿನ ಮರಿಗಳನ್ನು ತಿಂದು ಬದುಕುತ್ತದೆ. ಹಳ್ಳದ ಬದಿಯ ಯಾವ ಮಗುವೂ ಬಲ್ಲ ಸಂಗತಿ. ಬಲ್ಲದ್ದು ಬೇಕಾದ ಹೊತ್ತಿಗೆ ತಲೆಗೆ ಬರಲಿಲ್ಲ, ಏನು ಮಾಡುವುದು.

ಆ ಮಳೆಗಾಲ ನಾವು ಬಲು ಸಂತೋಷದಲ್ಲಿದ್ದೆವು. ಅತ್ತೆ ದಿನವೂ ತೌಡು, ಹಿಂಡಿ ಕಲಸಿ ಹಾಕುತ್ತಿದ್ದಳು. ಒಂದು ಮುಂಜಾನೆ ಆಪು ಹುಲ್ಲಿನ ಮೂಲೆಯಲ್ಲಿ ಕೆಂಪನೆಯ ಮರಿಗಳ ದೊಡ್ಡದೊಂದು ಗುಂಪು ನೀರಿನ ಮೇಲೆ ಕುದಿಯುವಂತೆ ಆಡುತ್ತಿತ್ತು. ಸರ್ಕಾರದ ಮರಿಗಳು ಎಷ್ಟು ಚೆನ್ನಾಗಿ ಬಣ್ಣ ಬಂದವು ನೋಡೇ ಎಂದು ಅತ್ತೆ ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದಳು. ನಾನೂ ಕೈ ಜೋಡಿಸಿದೆ. ಅವು ಸರ್ಕಾರದ ಮರಿಗಳಾಗಿರಲಿಲ್ಲ. ನಂಬಿ ಇಟ್ಟಿದ್ದ ಕೊರಮೀನುಗಳು ಜೋಡಿಯಾಗಿ, ಸಂಸಾರ ಹೂಡಿ, ಹೊಟ್ಟೆ ತುಂಬ ಸರ್ಕಾರದ ಮರಿಗಳನ್ನೇ ಉಂಡು, ತಮ್ಮ ಮಕ್ಕಳನ್ನು ಸಾಕುತ್ತಿದ್ದವು. ಇಷ್ಟು ಒಳ್ಳೆಯ ಉಪಚಾರ ಊರಿನ ಯಾವ ಬಾಣಂತಿಗೂ ಆಗಿರಲಿಲ್ಲ.

ದಸರೆ ಕಳೆದ ಮೇಲೆ ಹಾಕಿದ ತೌಡು ಹಾಕಿದಂತೆಯೇ ತೇಲತೊಡಗಿತು. ಸಾಹೇಬರು ಬಂದು, ಅಂಬಿಗರ ಭೀಮಣ್ಣನಿಂದ ಬಲೆ ಬೀಸಿಸಿದರು. ಮೇಲೆ ಬಂದದ್ದು ನಾಲ್ಕಾರು ದಪ್ಪ ಕೊರಮೀನು. ಇನ್ನೊಮ್ಮೆ ಬೀಸಿದರು, ಮತ್ತೆ ಕೊರಮೀನು. ಒಂದೇ ಒಂದು ಕಾಟ್ಲಾ ಇಲ್ಲ. ಸಾಹೇಬರು ಅತ್ತೆಯ ಮುಖ ನೋಡಿದರು. ಏನೂ ಇಲ್ಲ ಎಂದಿದ್ದಿರಲ್ಲ ಎಂದು ಮೆಲ್ಲಗೆ ಕೇಳಿದರು. "ಅವು ಮೀನಲ್ರಿ, ಬಾಣಂತೇರವು" ಎಂದಳು ಅತ್ತೆ. ಭೀಮಣ್ಣ ಬಲೆ ಬಿಟ್ಟು ಕೆಳಗೆ ಕೂತು ನಕ್ಕ. ಸಾಹೇಬರಿಗೂ ನಗದೆ ಇರಲಾಗಲಿಲ್ಲ. ಆಮೇಲೆ ಗಂಭೀರವಾಗಿ, ನೀರು ಖಾಲಿ ಮಾಡಿಸಿ, ಕೊರಮೀನು ಒಂದನ್ನೂ ಬಿಡದೆ ತೆಗೆದು, ಹೊಸದಾಗಿ ಶುರು ಮಾಡಿ ಎಂದರು. ಅವರ ಕೆಲಸದ ಪ್ರಕಾರ ಅದು ಸರಿಯಾದ ಸಲಹೆಯೇ.

ಅತ್ತೆ ಒಪ್ಪಲಿಲ್ಲ. ನನಗೂ ಆಗ ಸಿಟ್ಟು ಬಂತು. ಬೇಸಿಗೆಗೆ ಹಣಮಂತರಾಯರು ಬರುತ್ತಾರೆ, ಹೊಂಡ ಕೈಬಿಟ್ಟುಹೋಗುತ್ತದೆ, ಈಗಲಾದರೂ ಸಾಹೇಬರ ಮಾತು ಕೇಳು ಎಂದು ಜಗಳಕ್ಕೇ ನಿಂತೆ. ಅವಳು ತೌಡಿನ ಬುಟ್ಟಿ ಬಿಸಾಕಿ ನನ್ನ ಮುಂದೆ ಕೂತಳು.

"ನಂಬಿ ಇಟ್ಟು ಹೋಗ್ಯಾರ. ನಾ ಹ್ಯಾಂಗ ತಗದು ಮಾರಲಿ? ಹೊಂಡ ಹೋದ್ರ ಹೋಗ್ಲಿ, ನಿಂದಿಲ್ಲ ಅಂತ ನಾ ಯಾರಿಗೂ ಹೇಳಾಕಿಯಲ್ಲ."

ಅಂದಿನಿಂದ ಊರವರು ಅದನ್ನು ಬಾಣಂತಿ ಹೊಂಡ ಎಂದು ಕರೆದರು. ಕಟ್ಟೆಯ ಮೇಲೆ ಕೂತವರಿಗೆ ಅದೊಂದು ನಗೆಪಾಟಲಿನ ವಿಷಯ. ಮಲ್ಲಮ್ಮ ಮೀನು ಸಾಕಲು ಹೋಗಿ ಹೆರಿಗೆ ಆಸ್ಪತ್ರೆ ತೆರೆದಳು ಎಂದು ಆಡಿಕೊಂಡರು. ಅತ್ತೆ ಕೇಳಿಸಿಕೊಂಡು, ನೀವು ಹುಟ್ಟಿದಾಗ ನಿಮ್ಮವ್ವ ಏನು ತಿಂದಿದ್ದಳು ಕೇಳಿಕೊಂಡು ಬನ್ನಿ ಎಂದು ಮುಂದೆ ನಡೆಯುತ್ತಿದ್ದಳು. ಅವರು ನಗುತ್ತಿರುವಾಗಲೇ ಒಳಗೊಳಗೆ ಇನ್ನೊಂದು ನಡೆಯುತ್ತಿತ್ತು. ಹೆತ್ತವಳ ತಾಯಿಯೋ ಅತ್ತೆಯೋ ಕೊಡ ಹಿಡಿದು ಬಂದು ಒಂದು ಕೊರಮೀನು ಒಯ್ಯುತ್ತಿದ್ದಳು. ಸಿಕ್ಕವರು ಇನ್ನೊಂದು ತಂದು ಬಿಡುತ್ತಿದ್ದರು. ಬಾಣಂತಿ ಉಂಡು ಉಳಿದ ಸಾರಿನಲ್ಲಿ ದೊಡ್ಡ ಮಗುವಿಗೂ ಒಂದು ತುಂಡು ಸಿಗುತ್ತಿತ್ತು. ಆ ಮನೆಗಳ ಮಕ್ಕಳು ಅಂಗನವಾಡಿಗೆ ಬಂದಾಗ ಕೈ ಮೂಸಿ ನೋಡಿ ನಾನು ಗುರುತು ಹಿಡಿಯುತ್ತಿದ್ದೆ. ಬೇಳೆ ಬಿಟ್ಟುಹೋದ ಜಾಗಕ್ಕೆ ಏನೋ ಒಂದು ಬಂದು ಕೂರುತ್ತಿದೆ ಎಂದು ನನಗೆ ಮೊದಲು ಹೊಳೆದದ್ದು ಹಾಗೆ. ಅಷ್ಟು ಹೊತ್ತಿಗೆ ನಾನೂ ಬಸುರಿ. ಹೊಂಡದಲ್ಲಿ ನನ್ನದೂ ಒಂದಿತ್ತು.

ಸಂಕ್ರಾಂತಿಯ ಸುಮಾರಿಗೆ, ಊರೆಲ್ಲ ಊಟ ಮಾಡಿ ಮಗ್ಗುಲಾಗಿದ್ದ ಮಧ್ಯಾಹ್ನ, ಹಣಮಂತರಾಯರ ಹೆಂಡತಿ ರತ್ನಮ್ಮ ಬಂದರು. ಸೆರಗಿನ ಕೆಳಗೆ ಮುಚ್ಚಿದ ಬೋಗುಣಿ. ಅವರ ಮನೆಯವರು ನಮ್ಮ ಓಣಿಯಲ್ಲಿ ನೀರು ಮುಟ್ಟಿದವರಲ್ಲ. ನಮ್ಮ ಕೊಡದ ನೆರಳು ಅವರ ಕೊಡದ ಮೇಲೆ ಬೀಳದಂತೆ ದಾಟುವ ಜನ. ಮೊದಲ ಹೆರಿಗೆಗೆ ಮಗಳು ತವರಿಗೆ ಬರುವವಳಿದ್ದಾಳೆ, ಕೊಡೇಕಲ್ ಕಡೆಯಿಂದ ಒಬ್ಬರು ಇದನ್ನು ತಂದುಕೊಟ್ಟರು, ಮನೆಯಲ್ಲಿ ಇಟ್ಟದ್ದು ಎರಡು ಸಲ ಜಿಗಿದು ಬಿತ್ತು ಎಂದು ನೆಲ ನೋಡುತ್ತ ಹೇಳಿದರು. ಅತ್ತೆ ಬೋಗುಣಿ ಕೈಗೆ ತೆಗೆದುಕೊಂಡು ಮೀನನ್ನು ನೀರಿಗೆ ಬಿಟ್ಟಳು. ಎಲ್ಲರಿಗೂ ಹೇಳಿದಂತೆ ಅವರಿಗೂ, ನಿಮ್ಮದೊಂದು ಅದ ರೀ ಎಂದಳು. ಅವರು ಹೋದ ಮೇಲೆ ನಾನು ಬಾಯಿ ತೆರೆಯುವಷ್ಟರಲ್ಲಿ, ಹೆಣ್ಣುಮಕ್ಕಳು ಇಟ್ಟದ್ದು ಹೆಣ್ಣುಮಕ್ಕಳಲ್ಲೇ ಇರಬೇಕು, ಹೊರಗೆ ಬಿದ್ದರೆ ನಿನ್ನ ನಾಲಿಗೆ ಕೀಳುತ್ತೇನೆ ಎಂದು ನನ್ನ ಬಾಯಿಗೆ ಬೀಗ ಹಾಕಿದಳು.

ಬೇಸಿಗೆ ಬಂತು. ಕಾಲುವೆ ಬಂದ್ ಆಯಿತು. ಆ ವರ್ಷದ ಬಿಸಿಲು ಬಲು ಕೆಟ್ಟದ್ದಾಗಿತ್ತು. ಹೊಂಡ ದಿನದಿಂದ ದಿನಕ್ಕೆ ಇಳಿದು, ಅಂಚಿನಲ್ಲಿ ಬಿರುಕು ಬಿಟ್ಟು, ನಡುವೆ ಎಮ್ಮೆಯ ಹಿಂಡು ಮಲಗುವಷ್ಟು ಅಗಲದ ಕೆಸರು ಉಳಿಯಿತು. ಅದರಲ್ಲಿ ಬೊಗಸೆ ನೀರೂ ಇರಲಿಲ್ಲ. ಕೊಕ್ಕರೆಗಳು ಕೂಡ ಬಂದು ನೋಡಿ, ಬೇಸರ ಮಾಡಿಕೊಂಡು ಹಾರಿಹೋದವು. ಮಾತಿನ ಪ್ರಕಾರ ಹಣಮಂತರಾಯರು ಒಂದು ಮುಂಜಾನೆ ಬಂದರು. ಹಿಂದೆ ಸಲಿಕೆ ಗುದ್ದಲಿ ಹಿಡಿದ ಆಳುಗಳು. ನಾನು ತುಂಬು ಬಸುರಿ, ಒಡ್ಡಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದೆ. ಸುದ್ದಿ ಹಬ್ಬಿ ಓಣಿಯ ಹೆಂಗಸರೂ ಬಂದರು, ಭೀಮಣ್ಣನೂ ಬಂದ.

ಹಣಮಂತರಾಯರು ಕೆಸರಿನ ಕಡೆ ಕೋಲು ತೋರಿಸಿ, ಇದರಲ್ಲಿ ಮೀನು ಎಲ್ಲಿದೆ ಎಂದರು. ಅತ್ತೆ ಸೀರೆಯ ಕಚ್ಚೆ ಬಿಗಿದು ಕೆಳಗಿಳಿದಳು. ತೊಡೆಯವರೆಗೆ ಹೂತಳು. ತೋಳು ಪೂರ್ತಿ ಕೆಸರಿಗೆ ಇಳಿಸಿ, ಕಣ್ಣು ಮುಚ್ಚಿ ತಡಕಾಡಿ, ಒಂದನ್ನು ಹೊರಗೆಳೆದಳು. ಕೆಸರು ಮೆತ್ತಿದ ಕೊರಮೀನು ಅವಳ ಕೈಯಲ್ಲಿ ಬಾಲ ಬಡಿದು ಅವಳ ಮುಖಕ್ಕೇ ರಾಡಿ ಎರಚಿತು. ಹೆಂಗಸರು ಹೋ ಎಂದರು. ಆಳುಗಳೂ ಗುದ್ದಲಿ ಇಳಿಸಿದರು.

ಹಣಮಂತರಾಯರು ಅಲುಗಾಡಲಿಲ್ಲ. ಕೊರಮೀನು ಯಾವ ಹಳ್ಳದ ಕೆಸರಲ್ಲೂ ಇರುತ್ತದೆ, ಮಾತು ಆಡಿದ್ದು ಸಾಕಿದ ಮೀನಿಗೆ, ಸರ್ಕಾರದವರು ಬಿಟ್ಟ ಮೀನು ತೋರಿಸು ಎಂದರು. ಅದು ನ್ಯಾಯವೋ ಅನ್ಯಾಯವೋ ಈಗಲೂ ನನಗೆ ಹೇಳಲು ಬರುವುದಿಲ್ಲ. ಆಡಿದ ಮಾತಿನ ಅರ್ಥ ಅವರಿಗೆ ಬೇಕಾದ ಕಡೆ ವಾಲಿತು, ಅಷ್ಟು ಗೊತ್ತು. ಅತ್ತೆ ಮೀನು ಹಿಡಿದೇ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ನಿಮ್ಮ ಮನೆಯದೂ ಒಂದು ಇದರಲ್ಲಿದೆ ಎಂದು ಕೂಗಿ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅತ್ತೆ ಕೆಸರಿನೊಳಗಿಂದಲೇ ಕಣ್ಣಲ್ಲಿ ಗದರಿದಳು. ಹೊಂಡ ಹೋಗುತ್ತದೆ, ಆದರೂ ಹೇಳಬೇಡ ಎಂಬ ನೋಟ ಅದು. ಬಾಯಿ ಮುಚ್ಚಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ, ಹೆರಿಗೆ ಸೇರಿಸಿಯೇ ಹೇಳುತ್ತಿದ್ದೇನೆ.

ಹಣಮಂತರಾಯರು ಕೈ ಬೀಸಿದರು. ಒಡ್ಡಿನ ಮೇಲೆ ಮೊದಲ ಗುದ್ದಲಿ ಬಿತ್ತು.

ಆಗ ಊರ ಕಡೆಯ ದಾರಿಯಲ್ಲಿ ರತ್ನಮ್ಮ ಬರುತ್ತಿರುವುದು ಕಾಣಿಸಿತು. ಸೆರಗಿನ ಕೆಳಗೆ ಮುಚ್ಚಿಕೊಂಡಿರಲಿಲ್ಲ. ಬೋಗುಣಿಯನ್ನು ಸೊಂಟದ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದರು. ಅವರ ಮಗಳಿಗೆ ಹಿಂದಿನ ದಿನ ಶಹಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಮುಂಜಾನೆಯಷ್ಟೇ ಮನೆಗೆ ಕರೆತಂದಿದ್ದರು. ಮಧ್ಯಾಹ್ನ ಊರು ಮಲಗಿದ ಮೇಲೆ ಬಂದು ಒಯ್ಯಬಹುದಿತ್ತು. ಗುದ್ದಲಿಯ ಸುದ್ದಿ ಕೇಳಿ ಈಗಲೇ ಬಂದಿದ್ದರು. ಗಂಡಸರ ನಡುವೆಯೇ ಹಾದು, ಗಂಡನ ಎದುರು ನಿಂತರು. ಧ್ವನಿ ಏರಿಸಲಿಲ್ಲ.

"ಒಡ್ಡ ಕಡೀಬ್ಯಾಡ್ರಿ. ನಮ್ಮ ಮಗಳದೊಂದು ಇದರಾಗ ಅದ."

ಹಣಮಂತರಾಯರ ಕೈಯ ಕೋಲು ಗಾಳಿಯಲ್ಲೇ ನಿಂತಿತು. ಯಾವಾಗ ಇಟ್ಟೆ ಎಂದು ಕೇಳಿದರು. ರತ್ನಮ್ಮ ಚಪ್ಪಲಿ ಬಿಟ್ಟು, ಒಳ್ಳೆಯ ಇಳಕಲ್ ಸೀರೆಯಲ್ಲೇ ಕೆಸರಿಗೆ ಇಳಿದರು. ಎರಡನೆಯ ಹೆಜ್ಜೆಗೆ ಜಾರಿದರು. ಅತ್ತೆ ಕೈ ಚಾಚಿದಳು. ಒಂದು ಗಳಿಗೆ ಆ ಕೈ ಹಾಗೆಯೇ ಚಾಚಿಕೊಂಡಿತ್ತು, ನಾವೆಲ್ಲ ಆ ಕೈಯನ್ನೇ ನೋಡಿದೆವು. ರತ್ನಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅತ್ತೆ ತನ್ನ ಕೈಯಲ್ಲಿದ್ದ ಮೀನನ್ನೇ ಅವರ ಬೋಗುಣಿಗೆ ಹಾಕಿ ಮುಚ್ಚಿದಳು.

ಆಮೇಲೆ ಹೆಂಗಸರನ್ನು ತಡೆಯುವವರಿರಲಿಲ್ಲ. ನನ್ನ ಸೊಸೆಯದೊಂದು ಇದೆ, ನನ್ನ ತಂಗಿಯದೊಂದು ಇದೆ ಎನ್ನುತ್ತ ಒಬ್ಬೊಬ್ಬರೇ ಕೆಸರಿಗೆ ಇಳಿದು ನಿಂತರು. ಯಾರೂ ಮೀನು ಹಿಡಿಯಲಿಲ್ಲ. ಸುಮ್ಮನೆ ನಿಂತರು. ಇನ್ನು ಗುದ್ದಲಿ ಬಿದ್ದರೆ ನಮ್ಮ ಕಾಲಿನ ಮೇಲೆ ಬೀಳಲಿ ಎಂಬಂತೆ ನಿಂತರು. ಇಳಿಯಲಾಗದೆ ಮೇಲೇ ಉಳಿದ ನಾನು ಹೊಟ್ಟೆ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ದುಃಖಕ್ಕಲ್ಲ. ಅಷ್ಟು ಸಿಟ್ಟು, ಅಷ್ಟು ಸಂತೋಷ ಒಟ್ಟಿಗೇ ಬಂದರೆ ಇನ್ನೇನು ಮಾಡಬೇಕು?

ಹಣಮಂತರಾಯರು ಎತ್ತಿದ ಕೋಲು ಇಳಿಸಿದರು. ಕೊನೆಗೆ ಆಳುಗಳ ಕಡೆ ತಿರುಗಿ, ಆ ಬದಿಯಿಂದ ತೋಡಿ ಎಂದಷ್ಟೇ ಹೇಳಿ ಹೆಂಡತಿಯ ಚಪ್ಪಲಿ ದಾಟಿಕೊಂಡು ಹೋದರು. ಆ ಬದಿಯ ಗರಸು ಅವರು ಹೆದರಿದಷ್ಟೇ ಗಟ್ಟಿಯಾಗಿತ್ತು. ಬಸಿಗಾಲುವೆ ಮುಗಿಯುವ ಹೊತ್ತಿಗೆ ಹೊಸ ನೀರು ಬಿಡುವ ಕಾಲವಾಗಿತ್ತು. ಅತ್ತೆ ಮಾತು ತಪ್ಪಿದವಳಲ್ಲ, ಬುಟ್ಟಿ ಹೊರುತ್ತೇನೆ ಎಂದಿದ್ದಳಲ್ಲ, ಹೋಗಿ ಮಣ್ಣು ಹೊತ್ತಳು. ಕೂಲಿ ತೆಗೆದುಕೊಂಡೇ ಹೊತ್ತಳು. ನನಗೆ ಮಗಳು ಹುಟ್ಟಿದಳು. ಅವಳ ಪಾಲಿನದನ್ನು ನಾನು ತಿಂದೆ. ಖಾರ ಕಡಿಮೆ, ಬೆಳ್ಳುಳ್ಳಿ ಜಾಸ್ತಿ, ಮೇಲೆ ಬಿಸಿ ರೊಟ್ಟಿ.

ಮುಂದಿನ ವರ್ಷ ಕಾಟ್ಲಾ ರೋಹುಗಳಿಗೆ ಬೇರೆ ಹೊಂಡ ತೋಡಿಸಿದೆವು, ನಡುವೆ ಎತ್ತರದ ಒಡ್ಡು. ಆ ಸಾಹೇಬರೇ ಬಂದು, ಈ ಸಲ ಹೊಂಡದಲ್ಲಿ ಏನಿದೆ ಎಂದು ನನ್ನನ್ನು ಬಿಟ್ಟು ಭೀಮಣ್ಣನನ್ನು ಕೇಳಿದರು. ನಮ್ಮನ್ನು ನೋಡಿ ಜವಳು ಹೊಲದವರು ಇನ್ನೂ ಕೆಲವರು ಹೊಂಡ ಮಾಡಿದರು. ಈಗ ಹೈದರಾಬಾದಿನ ಗಾಡಿಗಳು ನಮ್ಮ ಊರಿಗೂ ಬರುತ್ತವೆ, ಬರಲಿ. ಗಾಡಿಯವರ ಮೇಲೆ ನನಗೇನೂ ಹಗೆಯಿಲ್ಲ, ಸಂಘದ ಹೆಂಗಸರ ಮನೆಗಳಿಗೆ ಅವರಿಂದ ದುಡ್ಡು ಬರುತ್ತದೆ. ಆದರೆ ಮೀನು ಹಿಡಿದ ದಿನ ಮೊದಲ ಬುಟ್ಟಿ ಒಡ್ಡಿನ ಮೇಲೆ ಕೂರುತ್ತದೆ. ಊರವರು ಬಂದು ಕೊಳ್ಳಬೇಕು, ಬಸುರಿ ಬಾಣಂತಿಯರಿಗೆ ಕೊಟ್ಟಿರಬೇಕು, ಆಮೇಲೆ ಉಳಿದದ್ದು ಗಾಡಿಗೆ. ಎಷ್ಟು ಹೊತ್ತು ಕಾಯಬೇಕು ಎಂದು ಗಾಡಿಯವರು ಗೊಣಗುತ್ತಾರೆ. ಕಾಯಲಿ.

ಮುಂದಿನ ಕಾಲದ ಊಟ ಎಂದರೆ ಇದೇ ಅಲ್ಲವೇ? ನೀರು ಹರಿಯುವ ನೆಲದ ಮಕ್ಕಳು ಖಾರದ ನೀರು ಕುಡಿದು, ಅದೇ ನೀರಿನ ಮೀನು ಮಂಜಿನಲ್ಲಿ ಮಲಗಿ ಬೇರೆ ಊರಿಗೆ ಹೋಗುವುದಾದರೆ ಆ ಕಾಲ ನಮಗೆ ಬೇಡ. ನಮಗೆ ರೂಢಿ ಇಲ್ಲ ಎನ್ನುವವರು ನಮ್ಮ ಸಂತೆಯನ್ನು ಮಾತ್ರ ನೋಡಿದ್ದಾರೆ, ನಮ್ಮ ಹರವಿಯ ಮುಚ್ಚಳ ತೆಗೆದು ನೋಡಿಲ್ಲ.

ಆ ದಿನ ಬಸ್ಸಿಳಿದು ನೇರ ಹೊಂಡಕ್ಕೆ ಹೋದೆ. ಅತ್ತೆಗೆ ಈಗ ಕಣ್ಣು ಮಸುಕು, ಕಿವಿ ಅರ್ಧ, ಬಾಯಿ ಮಾತ್ರ ಪೂರ್ತಿ. ನೀರಿಳಿದ ಹೊಂಡದ ಅಂಚಿನಲ್ಲಿ ಕೂತಿದ್ದಳು. ಸಭೆಯಲ್ಲಿ ಏನಂದರು ಎಂದು ಕೇಳಿದಳು. ಈ ಕಡೆಯವರು ಮೀನು ತಿನ್ನುವುದಿಲ್ಲ ಅಂದರು ಎಂದು ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಎಲೆ ಅಡಿಕೆಯ ರಸ ಉಗುಳಿ, ಅವರದು ಯಾವ ಊರು ಎಂದು ಕೇಳಿದಳು. ದೂರದವರು ಎಂದೆ. ಊಟ ಮಾಡಿದ್ದರೇ ಎಂದಳು. ಚಹಾ ಬಿಸ್ಕತ್ತು ತಿಂದರು ಎಂದೆ. ಅವಳಿಗೆ ಅವರ ಮೇಲೆ ಕನಿಕರವೇ ಬಂದಂತಾಯಿತು. ಕೆಸರಿನ ಕಡೆ ಕೈ ಚಾಚಿದಳು.

"ಬರ್ರಿ ಅನ್ನು ಅವರಿಗಿ. ಅವರದೂ ಒಂದ ಅದ."